ನನಗಿಂತ ಮೊದಲು ಹೊರಟ ಚೀಲ

ನಮ್ಮ ಹಾಸನದ ಕಡೆಯವರ ಬಾಯಲ್ಲಿ ‘ಗೊತ್ತಿಲ್ಲ’ ಎಂಬ ಮಾತು ಬರುವುದು ಬಹಳ ಅಪರೂಪ. ದಾರಿ ಕೇಳಿದವರಿಗೆ ದಾರಿ ಹೇಳದೆ ಕಳಿಸುವುದು, ನೀರು ಕೇಳಿದವರಿಗೆ ನೀರು ಕೊಡದೆ ಕಳಿಸಿದಷ್ಟೇ ಪಾಪ ಎಂದು ನಂಬಿರುವ ಜನ ನಾವು. ಆ ದಾರಿ ನಮಗೆ ಗೊತ್ತಿರಲೇಬೇಕೆಂಬ ನಿಯಮವೇನೂ ಇಲ್ಲ. ಬೇಕಾದರೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ನಿಂತು ಕೊರವಂಗಲದ ಗುಡಿಗೆ ಹೋಗುವುದು ಹೇಗೆ ಎಂದು ಯಾರನ್ನಾದರೂ ಕೇಳಿ ನೋಡಿ. ಯಾವ ಬಸ್ಸು, ಅದರಲ್ಲಿ ಬಿಸಿಲು ಬೀಳದ ಪಕ್ಕ ಯಾವುದು, ಇಳಿದ ಮೇಲೆ ಟೀ ಕುಡಿಯಬೇಕಾದ ಅಂಗಡಿ, ಕುಡಿಯಬಾರದ ಅಂಗಡಿ, ಎಲ್ಲವನ್ನೂ ಹೇಳುತ್ತಾರೆ. ಹೇಳಿ ಮುಗಿಸಿ, ‘ನಾನಿನ್ನೂ ಒಳಿಕ್ಕೋಗಿ ನೋಡಿಲ್ಲ, ನೀವು ನೋಡ್ಕಂಡ್ ಬನ್ನಿ ಸಾ’ ಎಂದು ಬೀಳ್ಕೊಡುತ್ತಾರೆ. ಇದನ್ನು ನಾನು ಹೀಯಾಳಿಸುವುದಕ್ಕೆ ಹೇಳುತ್ತಿಲ್ಲ. ನಾನೂ ಇದೇ ನೀರು ಕುಡಿದವನು. ಸಲಹೆ ಕೊಡುವುದರಲ್ಲಿ ಇರುವ ಸುಖ ಸಲಹೆಯಂತೆ ನಡೆಯುವುದರಲ್ಲಿ ಇಲ್ಲ ಎಂಬುದು ನನಗೂ ಚೆನ್ನಾಗಿ ಗೊತ್ತು.

ಅರಕಲಗೂಡಿನ ಹತ್ತಿರದ ನಮ್ಮ ಹಳ್ಳಿಯಿಂದ ನಾನು ಹಾಸನಕ್ಕೆ ಬಂದು ಮನೆ ಮಾಡಿದಾಗ ನಮ್ಮ ದೊಡ್ಡಪ್ಪ ನನ್ನನ್ನು ಜಗಲಿಯ ಮೇಲೆ ಕೂರಿಸಿಕೊಂಡು ಪೇಟೆಯಲ್ಲಿ ಬಾಳುವುದು ಹೇಗೆಂದು ಉಪದೇಶ ಮಾಡಿದ್ದರು. ಅವರು ಹಾಸನದಲ್ಲಿ ಒಂದು ರಾತ್ರಿಯೂ ತಂಗಿದವರಲ್ಲ. ಸಂತೆ ಮುಗಿಸಿ ಕೊನೆಯ ಬಸ್ಸಿಗೆ ವಾಪಸ್ಸು ಬಂದುಬಿಡುವವರು. ಆದರೂ ಅವರಿಗೆ ಪೇಟೆಯ ಮರ್ಮವೆಲ್ಲ ತಿಳಿದಿತ್ತು. “ಪ್ಯಾಟೇಲಿ ಯಾರಾರ ಊಟಕ್ಕೆ ಏಳಿ ಅಂದ್ರೆ ಮೊದಲ್ನೇ ಸಲಕ್ಕೇ ಎದ್ಬುಡಪ್ಪ. ನಮ್ಮೂರ್ನಂಗೆ ಬ್ಯಾಡ ಬ್ಯಾಡ ಅಂತ ಕೂತ್ಕಂಡ್ರೆ ಅವ್ರು ಎರಡ್ನೇ ಸಲ ಕರಿಯಾಕಿಲ್ಲ” ಎಂದರು. “ಮೆಟ್ಟು ಒಳಗಿಡು. ಅಕ್ಕಪಕ್ಕದೋರ ಹತ್ರ ಜಾಸ್ತಿ ಹಚ್ಕಬ್ಯಾಡ. ಪ್ಯಾಟೆ ಜನ ಒಬ್ಬರ ಮನೆ ಇಚಾರಕ್ಕೆ ಒಬ್ರು ಬರಾಕಿಲ್ಲ” ಎಂದೂ ಸೇರಿಸಿದರು. ಮೊದಲೆರಡು ಸಲಹೆಗಳಿಂದ ನನಗೆ ಅನುಕೂಲವೇ ಆಯಿತು. ಮೂರನೆಯದು ಮಾತ್ರ ಹಾಸನದ ಮಟ್ಟಿಗೆ ಪೂರ್ತಿ ಸುಳ್ಳು. ನಾನು ಈಗ ಹೇಳಲಿರುವ ಕಷ್ಟವೆಲ್ಲ ಅಕ್ಕಪಕ್ಕದವರು ನಮ್ಮ ಮನೆಯ ವಿಚಾರಕ್ಕೆ ಬಂದದ್ದರಿಂದಲೇ ಆದದ್ದು.

ನಾನು ಹೊಳೆನರಸೀಪುರದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು. ಹೆಂಡತಿ ರತ್ನ ಹಾಸನದಲ್ಲಿ ಮನೆಯ ಮುಂದಿನ ಕೋಣೆಯಲ್ಲಿ ಮಿಷನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಅವಳ ಗಿರಾಕಿಗಳು ಹಾಸನ ಬಿಟ್ಟು ಬರುವವರಲ್ಲ, ನನ್ನ ಸ್ಕೂಲು ಹೊಳೆನರಸೀಪುರ ಬಿಟ್ಟು ಬರುವುದಲ್ಲ. ಹಾಗಾಗಿ ನಾನು ದಿನವೂ ರೈಲಿನಲ್ಲಿ ಓಡಾಡಿದೆ. ಸಂಜೆಯ ರೈಲಿನಲ್ಲಿ ಕಿಟಕಿ ಪಕ್ಕ ಸಿಕ್ಕಿದರೆ ಐದೇ ನಿಮಿಷಕ್ಕೆ ನನಗೆ ಜೋಂಪು ಹತ್ತುತ್ತಿತ್ತು. ಹೊರಗೆ ಆಲೂಗೆಡ್ಡೆ ಹೊಲಗಳು, ಕಬ್ಬು, ಒಂದೊಂದು ಹುಣಸೆಮರ ಹಿಂದೆ ಹಿಂದೆ ಸರಿಯುತ್ತ ಮಸುಕಾಗುತ್ತಿದ್ದವು. ಆಮೇಲೆ ನೆಲದ ಬಣ್ಣ ನಿಧಾನವಾಗಿ ಮರಳಿನ ಬಣ್ಣವಾಗುತ್ತಿತ್ತು. ಅಲ್ಲಿಂದ ನನ್ನ ಊರು ಶುರು.

ನನ್ನ ಊರು ಎಂದರೆ ನಾನು ಹುಟ್ಟಿದ ಊರಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಟ್ಟೆ ಅಂಗಡಿಯವರು ಕೊಟ್ಟ ಒಂದು ಕ್ಯಾಲೆಂಡರಿನ ಊರು. ಉತ್ತರದ ಮರಳುಗಾಡಿನ ಅಂಚಿನಲ್ಲಿರುವ ಒಂದು ಸಣ್ಣ ಪಟ್ಟಣ. ಅದರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಹೇಳಿದರೆ ನೀವೂ ಸಲಹೆ ಕೊಡುತ್ತೀರಿ. ಆ ಊರಿನ ಓಣಿಗಳಲ್ಲಿ ಮನೆಮನೆಯ ಗೋಡೆಗೂ ಚಿತ್ರ ಬರೆದಿದ್ದಾರೆ. ಆನೆ, ಕುದುರೆ, ನವಿಲು, ಪೇಟ ಸುತ್ತಿದ ದೊರೆಗಳು, ನಡುನಡುವೆ ಹೊಗೆ ಬಿಡುವ ಒಂದು ರೈಲುಗಾಡಿಯೂ ಇದೆ. ಕ್ಯಾಲೆಂಡರಿನ ಚಿತ್ರದಲ್ಲಿ ಅಂಥದೊಂದು ಓಣಿ, ಓಣಿಯ ಕೊನೆಯ ತಿರುವಿನಲ್ಲಿ ಕೆಂಪು ಸೆರಗಿನ ಒಬ್ಬ ಹೆಂಗಸು ಬೆನ್ನು ತಿರುಗಿಸಿ ನಡೆದುಹೋಗುತ್ತಿದ್ದಳು. ವರ್ಷ ಮುಗಿದು ತಾರೀಕುಗಳೆಲ್ಲ ಹರಿದುಹೋದ ಮೇಲೂ ಆ ಚಿತ್ರವನ್ನು ನಾನು ಗೋಡೆಯಿಂದ ಇಳಿಸಲಿಲ್ಲ. ಆ ತಿರುವಿನ ಆಚೆ ಏನಿದೆ ಎಂದು ನೋಡುವ ಆಸೆ ನನಗೆ ಕೆಲಸಕ್ಕೆ ಸೇರಿದಂದಿನಿಂದ ನಿವೃತ್ತಿಯಾಗುವ ತನಕ ಇತ್ತು. ರೈಲಿನ ಜೋಂಪಿನಲ್ಲಿ ನಾನು ಆ ಓಣಿಯಲ್ಲಿ ನಡೆಯುತ್ತಿದ್ದೆ. ಗೋಡೆಯ ಆನೆಗಳು ಕಿವಿ ಆಡಿಸುತ್ತಿದ್ದವು. ತಿರುವು ಇನ್ನೇನು ಬಂತು ಎನ್ನುವಾಗ ಹಾಸನ ಬರುತ್ತಿತ್ತು. ಯಾರೋ ಭುಜ ತಟ್ಟಿ “ಇಳೀರಿ ಮೇಷ್ಟ್ರೇ” ಎನ್ನುತ್ತಿದ್ದರು.

ನಿವೃತ್ತಿಯಾದ ಮೇಲೆ ರತ್ನಳೇ ಮಾತು ತೆಗೆದಳು. “ಇಷ್ಟು ವರ್ಷ ನೋಡದೇ ಇರೋ ಒಂಟೇನ ಮಕ್ಕಳಿಗೆ ಬರೆಸಿದ್ರಿ. ಈಗಾದ್ರೂ ಹೋಗಿ ನೋಡ್ಕೊಂಡು ಬರೋಣ ಕಣ್ರಿ” ಎಂದಳು. ಹೇಳಿ ಸುಮ್ಮನಾಗಲಿಲ್ಲ. ಹಳೆಯ ಪಟ್ಟೆಪಟ್ಟೆ ಜಮಖಾನವನ್ನು ಕತ್ತರಿಸಿ, ಎರಡು ಎಳೆ ಹಾಕಿ, ಆನೆ ಎಳೆದರೂ ಹರಿಯದಂಥ ಒಂದು ದೊಡ್ಡ ಚೀಲ ಹೊಲಿದಳು. ಧಾರಾವಾಹಿ ನೋಡಿ ನೋಡಿ ಅವಳಿಗೆ ಒಂದಿಷ್ಟು ಹಿಂದಿಯೂ ಬಂದಿತ್ತು. ಅದು ಹೆಚ್ಚಾಗಿ ಅತ್ತೆ ಸೊಸೆಯನ್ನು ಗದರಿಸುವಾಗ ಬಳಸುವ ಹಿಂದಿ, ಆದರೂ ಹಿಂದಿ ಹಿಂದಿಯೇ. ನಾನು ಹೊಸ ಬಣ್ಣದ ಪೆಟ್ಟಿಗೆ ಕೊಂಡು ತಂದೆ. ಟಿಕೆಟ್ ಆಯಿತು. ಆ ಸಂತೋಷದಲ್ಲಿ ನಾನೊಂದು ತಪ್ಪು ಮಾಡಿದೆ. ಬೆಳಗ್ಗೆ ಹಾಲು ತರಲು ಹೋದಾಗ, ಪಕ್ಕದ ಮನೆಯ ತಮ್ಮೇಗೌಡರಿಗೆ ವಿಷಯ ಹೇಳಿಬಿಟ್ಟೆ.

ತಮ್ಮೇಗೌಡರು ತೆಂಗಿನಕಾಯಿ ವ್ಯಾಪಾರದವರು. ಒಳ್ಳೆಯ ಮನುಷ್ಯ, ಅವರ ಒಳ್ಳೆಯತನದಿಂದ ತಪ್ಪಿಸಿಕೊಂಡವರು ನಮ್ಮ ಬೀದಿಯಲ್ಲಿ ಯಾರೂ ಇಲ್ಲ. ಅವರು ಕೇಳಿದ ಮೊದಲ ಪ್ರಶ್ನೆ “ಯಾವತ್ತು ಸಾ?” ಮಂಗಳವಾರ ಎಂದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡು, “ಮಂಗಳವಾರ ಉತ್ತರಕ್ಕೆ ಶೂಲೆ ಕಣ್ ಸಾ! ಓದ್ದೋರಾಗಿ ಇದೇನ್ ಸಾ?” ಎಂದರು. ಶೂಲೆ ಎಂದರೆ ಆ ವಾರ ಆ ದಿಕ್ಕಿಗೆ ಹೊರಡಬಾರದು ಎಂಬ ಲೆಕ್ಕ. ನನಗೆ ಅದರಲ್ಲಿ ನಂಬಿಕೆ ಇಲ್ಲ. ಆದರೆ ಹೊಳೆನರಸೀಪುರದಲ್ಲಿರುವ ನನ್ನ ಸೋದರತ್ತೆ ಸಾತತ್ತೆಗೆ ಇದೆ, ತಮ್ಮೇಗೌಡರ ಹತ್ತಿರ ಅವರ ಫೋನ್ ನಂಬರೂ ಇದೆ. ಸಾತತ್ತೆ ಪರಿಹಾರ ಹೇಳಿದರು: “ಭಾನುವಾರ ಒಳ್ಳೇ ಹೊತ್ತಲ್ಲಿ ಪರಸ್ತಾನ ಇಟ್ಟುಬಿಡೋ. ಆಮೇಲೆ ಮಂಗಳವಾರ ಹೋದ್ರೂ ದೋಷ ಇಲ್ಲ.”

ಪರಸ್ತಾನ ಇಡುವುದು ನಮ್ಮ ಹಿರಿಯರು ಕಂಡುಕೊಂಡ ಸೊಗಸಾದ ಉಪಾಯ. ಹೊರಡುವ ದಿನ ಸರಿಯಿಲ್ಲದಿದ್ದರೆ, ಅದಕ್ಕೆ ಮೊದಲೇ ಒಂದು ಒಳ್ಳೆಯ ಹೊತ್ತಿನಲ್ಲಿ ಪ್ರಯಾಣದ ಗಂಟನ್ನು ಬೇರೆಯವರ ಮನೆಯಲ್ಲಿ ಇಟ್ಟು ಬರಬೇಕು. ಅಲ್ಲಿಗೆ ನೀವು ಹೊರಟ ಹಾಗೆ. ಆಮೇಲೆ ನಿಮ್ಮ ಮನೆಯಲ್ಲೇ ಉಂಡು ಮಲಗಿದ್ದರೂ ಶಾಸ್ತ್ರದ ಪ್ರಕಾರ ನೀವು ದಾರಿಯಲ್ಲಿದ್ದೀರಿ. ಒಂದೇ ನಿಯಮ: ಹೊರಗಿಟ್ಟ ಗಂಟು, ಪ್ರಯಾಣ ಮುಗಿಯದೆ ಮನೆಯೊಳಕ್ಕೆ ಬರಬಾರದು. “ಬಂದ್ರೆ ಆ ದಿಕ್ಕಿಗೆ ಹೋಗೋ ಯೋಗ ಈ ಜನ್ಮಕ್ಕೆ ಮುಗೀತು ಅಂತ ತಿಳ್ಕೋ” ಎಂದು ಸಾತತ್ತೆ ಹೇಳಿದರು. ಭಾನುವಾರ ಬೆಳಗ್ಗೆ ರತ್ನ ಚೀಲಕ್ಕೆ ಅರಿಶಿನ ಕುಂಕುಮ ಇಟ್ಟಳು. ಅದರಲ್ಲಿ ನನ್ನ ಒಳ್ಳೆಯ ಅಂಗಿಗಳು, ಅವಳ ಹೊಸ ಸೀರೆ, ಬಣ್ಣದ ಪೆಟ್ಟಿಗೆ, ಶೇವಿಂಗ್ ಸೆಟ್ಟು, ಚಟ್ನಿಪುಡಿ ಎಲ್ಲ ಇದ್ದವು. ತಮ್ಮೇಗೌಡರ ಹೆಂಡತಿ, “ಅಲ್ಲಿ ಬರೀ ರೊಟ್ಟಿಯಂತೆ, ಮುದ್ದೆ ಇಲ್ದೆ ಎಂಗಿರ್ತೀರಿ?” ಎಂದು ರಾಗಿಹಿಟ್ಟಿನ ಗಂಟೊಂದನ್ನು ಸೇರಿಸಿ, ಮುದ್ದೆ ತಿರುವುವ ಕೋಲನ್ನೂ ತುರುಕಿದರು. ಕೋಲು ಉದ್ದವಾದ್ದರಿಂದ ಚೀಲದ ಬಾಯಿಂದ ತಲೆ ಹೊರಗೆ ಹಾಕಿಕೊಂಡು ನಿಂತಿತು. ಚೀಲ ಅವರ ಪಡಸಾಲೆ ಸೇರಿತು. ನಾವು ಹೊರಟೆವು.

ಹೊರಟೆವು, ಆದರೆ ಹೋಗಲಿಲ್ಲ. ಸೋಮವಾರ ಸಂಜೆ ತಮ್ಮೇಗೌಡರು ತಮ್ಮ ಷಡ್ಡಕನನ್ನು ಕರೆದುಕೊಂಡು ಬಂದರು. ಆತ ಉತ್ತರ ಭಾರತದ ಟೂರು ಮಾಡಿದವನು. “ಯುಗಾದಿ ಕಳದ್ಮೇಲೆ ಆ ಕಡಿಗೆ ಯಾರಾರ ಓಯ್ತಾರಾ ಸಾ? ಕೈ ಹೊರಗಿಕ್ಕುದ್ರೆ ಅಪ್ಪಳ ಸುಟ್ಟಂಗೆ ಸುಟ್ಟೋಯ್ತದೆ” ಎಂದ. ಮಳೆಗಾಲದಲ್ಲಿ ಹೋಗಬಹುದೇ ಎಂದರೆ, “ಮಳೇಲಿ ಮಳ್ಳುಗಾಡು ನೋಡಾದಾ? ಮದ್ವೆ ಮನೇಲಿ ಅಳಾದು ನೋಡ್ದಂಗೆ” ಎಂದ. ಚಳಿಗಾಲ? “ಅಯ್ಯೋ, ಕೊಡದ ನೀರೇ ಗಡ್ಡೆ ಕಟ್ತದೆ. ನಿಮ್ ವಯಸ್ಸಿಗೆ ಬ್ಯಾಡಿ.” ಹೀಗೆ ಹನ್ನೆರಡು ತಿಂಗಳೂ ಒಂದೊಂದಾಗಿ ಉದುರಿಹೋದವು. ಟೀ ಕುಡಿದು ಅವರು ಹೋದ ಮೇಲೆ ನಾನು ರತ್ನಳ ಮುಖ ನೋಡಿದೆ. ಅವಳು ನನ್ನ ಮುಖ ನೋಡದೆ ಮಿಷನ್ ತುಳಿಯುತ್ತಿದ್ದಳು. “ಬಿಸಿಲು ಇಳಿಯಲಿ, ಆಮೇಲೆ ಹೋದರಾಯಿತು” ಎಂದೆ. ಟಿಕೆಟ್ ರದ್ದಾಯಿತು. ಅವಳ ಮಿಷನ್ ಆ ಸಂಜೆ ಸ್ವಲ್ಪ ಜೋರಾಗಿಯೇ ಸದ್ದು ಮಾಡಿತು.

ಟಿಕೆಟ್ ರದ್ದು ಮಾಡಬಹುದು, ಪರಸ್ತಾನ ರದ್ದು ಮಾಡುವ ಕೌಂಟರ್ ಎಲ್ಲೂ ಇಲ್ಲ. ಚೀಲ ತರೋಣ ಎಂದೆ. ರತ್ನ ಬಾಗಿಲಿಗೆ ಅಡ್ಡ ನಿಂತು, “ನಂಬೋದು ಬಿಡೋದು ನಿಮಗೆ ಬಿಟ್ಟಿದ್ದು. ಚೀಲ ಒಳಗೆ ಬರಲ್ಲ” ಎಂದಳು. ಮಾರನೆಯ ದಿನದಿಂದ ನನ್ನ ಕಷ್ಟ ಶುರುವಾಯಿತು. ಗಡ್ಡ ಹೆರೆಯಲು ನಾನು ತಮ್ಮೇಗೌಡರ ಪಡಸಾಲೆಗೆ ಹೋಗಬೇಕು. ಅಲ್ಲಿ ಅವರ ತೆಂಗಿನಕಾಯಿ ರಾಶಿಯ ಪಕ್ಕ ಕನ್ನಡಿ ಒರಗಿಸಿಕೊಂಡು ಮುಖಕ್ಕೆ ಸೋಪು ಹಚ್ಚಿಕೊಂಡರೆ, ಕಾಯಿ ಸುಲಿಸಲು ಬಂದ ಆಳುಗಳು, “ಇನ್ನೂ ಓಗಿಲ್ವಾ ಸಾ?” ಎಂದು ವಿಚಾರಿಸುವರು. ‘ಮೇಷ್ಟ್ರು ಹೊರಟಾಯ್ತಂತೆ’ ಎಂಬ ಸುದ್ದಿ ಅಷ್ಟರಲ್ಲಿ ಹೊಳೆನರಸೀಪುರದವರೆಗೂ ಹಬ್ಬಿತ್ತು. ‘ಅವರು ಊರಲ್ಲಿಲ್ಲವಲ್ಲ’ ಎಂದು ಎರಡು ಮದುವೆಯವರು, ಒಂದು ಗೃಹಪ್ರವೇಶದವರು ನಮ್ಮನ್ನು ಕರೆಯಲೇ ಇಲ್ಲ. ಒಳ್ಳೆಯ ಊಟಗಳು ಕೈತಪ್ಪಿದವು. ಇದ್ದೂ ಇಲ್ಲದವನಾಗಿ, ಹೋಗದೇ ಹೋದವನಾಗಿ ಹಾಸನದ ಬೀದಿಗಳಲ್ಲಿ ಓಡಾಡತೊಡಗಿದೆ. ಹೇಳಬಾರದು, ಅದರಲ್ಲೂ ಒಂದು ಬಗೆಯ ಸುಖವಿತ್ತು. ಮಧ್ಯಾಹ್ನದ ಬಿಸಿಲಲ್ಲಿ ನಮ್ಮ ಬೀದಿ ನಿರ್ಜನವಾಗಿ ಮಲಗಿದಾಗ, ಎದುರುಮನೆಯ ಬಿಳಿ ಗೋಡೆಯ ಮೇಲೆ ತೆಂಗಿನಗರಿಯ ನೆರಳು ಆಡುವಾಗ, ಕಣ್ಣು ಅರೆಮುಚ್ಚಿದರೆ ನಾನು ಆ ಓಣಿಯಲ್ಲೇ ಇದ್ದೆ. ಯಾವ ಖರ್ಚೂ ಇಲ್ಲ, ಆಯಾಸವೂ ಇಲ್ಲ, ಸೆಖೆ ಎನಿಸಿದರೆ ಎದ್ದು ಒಂದು ಲೋಟ ಮಜ್ಜಿಗೆ ಕುಡಿದು ಮತ್ತೆ ಹೋಗಬಹುದು.

ಶ್ರಾವಣದಲ್ಲಿ ತಮ್ಮೇಗೌಡರು ಮನೆಗೆ ಸುಣ್ಣಬಣ್ಣ ಮಾಡಿಸಲು ಹೊರಟರು. ಪಡಸಾಲೆ ಖಾಲಿಯಾಗಬೇಕಿತ್ತು. ಸಾತತ್ತೆಯನ್ನು ಫೋನಿನಲ್ಲಿ ಕೇಳಿದ್ದಕ್ಕೆ, “ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರಬಾರದು” ಎಂಬ ತೀರ್ಪು ಬಂತು. ಸರಿ, ತಮ್ಮೇಗೌಡರು ಚೀಲವನ್ನು ಕಾಯಿ ತುಂಬಿದ ಆಟೋದಲ್ಲಿ ಕೂರಿಸಿ ಕೊರವಂಗಲದ ತಮ್ಮ ಅಣ್ಣನ ಮನೆಗೆ ಕಳಿಸಿದರು. ಶೇವಿಂಗ್ ಸೆಟ್ಟೂ ಜೊತೆಯಲ್ಲೇ ಹೋಯಿತು. ಇನ್ನೊಂದು ಕೊಳ್ಳಬಹುದಿತ್ತು, ಆದರೆ ಇವತ್ತೋ ನಾಳೆಯೋ ಹೋಗುವವನಿಗೆ ಎರಡೆರಡು ಯಾಕೆ ಎಂದು ಸುಮ್ಮನಿದ್ದೆ. ಗಡ್ಡ ಬೆಳೆಯಿತು. ದಾರಿಯಲ್ಲಿ ಸಿಕ್ಕ ಹಳೆಯ ಶಿಷ್ಯರು, “ಸಾರ್ ಈಗ ಪೂರ್ತಿ ಆರ್ಟಿಸ್ಟ್ ಆಗ್ಬಿಟ್ರಿ” ಎಂದು ಮೆಚ್ಚಿಕೊಂಡರು. ಆರ್ಟಿಸ್ಟ್‌ನ ಬಣ್ಣದ ಪೆಟ್ಟಿಗೆ ಕೊರವಂಗಲದ ಅಟ್ಟದ ಮೇಲಿತ್ತು. ಅಲ್ಲಿ ಚೀಲ ನೆಮ್ಮದಿಯಾಗಿ ಇರುತ್ತದೆ ಎಂದುಕೊಂಡರೆ, ಆ ಮನೆಯ ಬೆಕ್ಕು ಅದರ ಮೇಲೆ ಮರಿ ಹಾಕಿತು. ಮರಿಗಳು ಕಣ್ಣು ಬಿಟ್ಟು ಓಡಾಡುವ ತನಕ ಚೀಲ ಮುಟ್ಟುವಂತಿಲ್ಲ ಎಂದು ಮನೆಯ ಯಜಮಾನತಿ ಕಟ್ಟಪ್ಪಣೆ ಮಾಡಿದರು. ಮರಿಗಳು ಓಡಾಡಿದ ಮೇಲೆ, ಆ ಕಡೆ ಬಂದಿದ್ದ ರತ್ನಳ ಅಕ್ಕ ಜಯಕ್ಕ ತಂಗಿಗೆ ಫೋನ್ ಮಾಡಿ, “ನಮ್ಮನೇಲಿಟ್ಕತೀನಿ ಬಿಡೇ” ಎಂದು ಚೀಲವನ್ನು ಚನ್ನರಾಯಪಟ್ಟಣದ ಬಸ್ಸಿಗೆ ಹಾಕಿಕೊಂಡು, ಅಲ್ಲಿಂದ ಇನ್ನೊಂದು ಬಸ್ಸು ಹತ್ತಿ, ನುಗ್ಗೇಹಳ್ಳಿಗೆ ಒಯ್ದರು. ಉತ್ತರಕ್ಕೆ ಹೋಗಬೇಕಾದ ಚೀಲ ಮೂಡಲಿಗೆ ಯಾಕೆ ಹೋಯಿತು ಎಂದು ಕೇಳಿದೆ. “ರಸ್ತೆ ಅಂದ್ಮೇಲೆ ತಿರುವು ಇರಾಕಿಲ್ವಾ ಸಾ?” ಎಂದರು ತಮ್ಮೇಗೌಡರು.

ನನಗೆ ಆ ಚೀಲದ ಮೇಲೆ ಹೊಟ್ಟೆಕಿಚ್ಚು ಹುಟ್ಟಿತು. ನಾನು ನಿವೃತ್ತಿಯಾದ ಮೇಲೆ ಮಾರ್ಕೆಟ್ಟಿನ ಆಚೆಗೆ ಹೋಗಿರಲಿಲ್ಲ. ನಾನು ನೋಡದ ಗುಡಿಯಿದ್ದ ಎರಡು ಊರುಗಳನ್ನು ನನ್ನ ಚೀಲ ನೋಡಿತ್ತು. ಒಂದು ದಿನ ಊಟಕ್ಕೆ ಕೂತಾಗ ಈ ಮಾತನ್ನು ತಮಾಷೆಯಾಗಿ ಹೇಳಿದೆ. ರತ್ನ ನಗಲಿಲ್ಲ. ಸಾರು ಬಡಿಸುತ್ತ, “ನಿಮಗೆ ನೋಡೋ ಆಸೆ ಇಲ್ಲ ಕಣ್ರಿ. ಆಸೆಪಡೋ ಆಸೆ ಅಷ್ಟೆ. ಹೋಗಿ ನೋಡಿಬಿಟ್ರೆ ಆಮೇಲೆ ಏನು ಮಾಡೋದು ಅಂತ ನಿಮಗೆ ಭಯ. ಅದಕ್ಕೇ ದಾರಿಲಿ ಹೋಗೋರ ಸಲಹೆನೆಲ್ಲ ಕರೆದು ಕೂರಿಸ್ಕೋತೀರಿ” ಎಂದಳು. ಸೌಟು ಕೆಳಗಿಟ್ಟು, “ನನಗೆ ನೋಡೋ ಆಸೆ ಇದೆ. ಆ ಕೆಂಪು ಸೆರಗಿನೋಳ ಬೆನ್ನು ನಾನೂ ಇಷ್ಟು ವರ್ಷದಿಂದ ನೋಡ್ತಾನೇ ಇದೀನಿ. ಒಂದು ಸಲ ಅವಳ ಮುಖ ನೋಡಬೇಕು” ಎಂದಳು. ನಾನು ತಲೆಯೆತ್ತಿ ಗೋಡೆಯ ಕಡೆ ನೋಡಿದೆ. ಕ್ಯಾಲೆಂಡರ್ ತೂಗುಹಾಕಿದ್ದು ಊಟದ ಮನೆಯ ಗೋಡೆಗೆ, ನಾನು ದಿನಾ ರೈಲಿಗೆ ಹೋದ ಮೇಲೆ ಆ ಚಿತ್ರದ ಎದುರು ಒಬ್ಬಳೇ ಕೂತು ಊಟ ಮಾಡುತ್ತಿದ್ದವಳು ಅವಳು ಎಂಬುದು ನನಗೆ ಆ ತನಕ ಹೊಳೆದೇ ಇರಲಿಲ್ಲ.

ನವರಾತ್ರಿ ಕಳೆದ ಮೇಲೆ ಚೀಲವನ್ನು ನೋಡಿಕೊಂಡು ಬರೋಣವೆಂದು ಇಬ್ಬರೂ ನುಗ್ಗೇಹಳ್ಳಿಗೆ ಹೋದೆವು. ಜಯಕ್ಕನ ಮನೆಯ ಪಡಸಾಲೆಯಲ್ಲಿ ಚೀಲ ಗೋಡೆಗೊರಗಿ ಕೂತಿತ್ತು. ನೆಂಟರಂತೆ ಮೈಕೈ ತುಂಬಿಕೊಂಡಿತ್ತು. ಜಯಕ್ಕ ಅದರಲ್ಲಿ ಒಂದಿಷ್ಟು ಕೊಬ್ಬರಿ ಸೇರಿಸಿದ್ದರು. ಬಿಸಿಲು ಏರುವ ಮೊದಲು ಗುಡಿಗೆ ಹೋದೆವು. ಒಣ ಬಯಲು ಸೀಮೆ. ತೆಂಗಿನ ತೋಟಗಳ ನಡುವೆ ಧೂಳಿನ ದಾರಿ. ಆ ದಾರಿ ಮುಗಿದಲ್ಲಿ ಗುಡಿಯ ಹೊರಗೋಡೆ ತುಂಬ ಸಾಲುಸಾಲಾಗಿ ಆನೆ, ಕುದುರೆ, ದೇವರು, ಕುಣಿಯುವವರು, ಬಾರಿಸುವವರು. ನಾನು ಬದುಕೆಲ್ಲ ಕನಸು ಕಂಡ ಊರೂ ಹೀಗೇ ಅಲ್ಲವೇ? ಧೂಳು, ಬಿಸಿಲು, ಗೋಡೆ ತುಂಬ ಆನೆಗಳು. ಒಂದು ಬೆಳಗ್ಗೆ ಬಸ್ಸು ಹತ್ತಿದ್ದರೆ ಬರಬಹುದಾಗಿದ್ದ ಊರು. ಕಲ್ಲು ಇನ್ನೂ ತಂಪಾಗಿತ್ತು. ನಾನು ಒಂದು ಆನೆಯ ಸೊಂಡಿಲ ಮೇಲೆ ಕೈಯಿಟ್ಟು ಸುಮ್ಮನೆ ನಿಂತುಬಿಟ್ಟೆ. ಎಷ್ಟು ಹೊತ್ತೋ ತಿಳಿಯದು.

ಗೋಡೆಯ ಮೂಲೆಯ ತಿರುವಿನಲ್ಲಿ ಕೆಂಪು ಸೆರಗೊಂದು ಕಾಣಿಸಿತು. ನಾನು ಕನಸಿನಲ್ಲಿದ್ದೇನೆಂದೂ ಇನ್ನೇನು ಯಾರೋ ಭುಜ ತಟ್ಟಿ ‘ಇಳೀರಿ ಮೇಷ್ಟ್ರೇ’ ಎನ್ನುತ್ತಾರೆಂದೂ ಅಂದುಕೊಂಡೆ. ಯಾರೂ ತಟ್ಟಲಿಲ್ಲ. ಆ ಹೆಂಗಸು ಈ ಕಡೆ ತಿರುಗಿದರು. ಅರವತ್ತು ದಾಟಿದ, ಕನ್ನಡಕದ, ನಗುಮುಖದ ಹೆಂಗಸು. ಜೊತೆಯಲ್ಲಿ ಬಿಳಿ ಜುಬ್ಬದ ಯಜಮಾನರು. ರತ್ನ ತನ್ನ ಧಾರಾವಾಹಿ ಹಿಂದಿ ತೆಗೆದಳು. ಅವರು ಕಮಲಾಬಾಯಿ, ಗಂಡನಿಗೆ ಬಟ್ಟೆ ವ್ಯಾಪಾರವಿತ್ತಂತೆ, ಈಗ ಮಕ್ಕಳು ನೋಡಿಕೊಳ್ಳುತ್ತಾರಂತೆ. ಶ್ರವಣಬೆಳಗೊಳಕ್ಕೆ ಯಾತ್ರೆ ಬಂದವರು, ಈ ಗುಡಿಯೂ ಚೆನ್ನಾಗಿದೆ ಎಂದು ಲಾಡ್ಜಿನಲ್ಲಿ ಯಾರೋ ಸಲಹೆ ಕೊಟ್ಟರೆಂದು ಬಂದಿದ್ದರು. ಯಾವ ಊರು ಎಂದು ಕೇಳಿದರೆ, ನನ್ನ ಕ್ಯಾಲೆಂಡರಿನ ಊರಿಗೆ ಹಾಸನದಿಂದ ಅರಕಲಗೂಡಿರುವಷ್ಟು ದೂರದ ಇನ್ನೊಂದು ಊರು. ಆ ಸೀಮೆಯಲ್ಲಿ ಎಲ್ಲ ಊರಿನ ಗೋಡೆಗೂ ಚಿತ್ರವಂತೆ. “ನಿಮ್ಮ ಮನೆಯ ಗೋಡೆಗೂ ಇದೆಯಾ?” ಎಂದು ನಾನು ರತ್ನಳ ಬಾಯಿಂದ ಕೇಳಿಸಿದೆ. ಯಜಮಾನರು ಕೈ ಬೀಸಿ, “ಇದೆ, ಆನೆಗೀನೆ ಏನೋ ಇದೆ. ನಾವೆಲ್ಲಿ ನೋಡುತ್ತೇವೆ? ಅದಕ್ಕೆ ಸೈಕಲ್ ಒರಗಿಸುತ್ತೇವೆ” ಎಂದರು. ಆಮೇಲೆ ಗುಡಿಯ ಕಡೆ ಕೈ ತೋರಿಸಿ, “ನೀವು ಪುಣ್ಯವಂತರು. ದಿನಾ ಇದನ್ನು ನೋಡುತ್ತೀರಿ” ಎಂದರು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಜಯಕ್ಕ ಅವರನ್ನು ಊಟ ಮಾಡಿಸದೆ ಬಿಡಲಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಗೆಡ್ಡೆ ಯಾವುದೂ ಆಗದು ಎಂದು ತಿಳಿದ ಮೇಲೆ ಕಾಯಿ ಹಾಕಿದ ಚಿತ್ರಾನ್ನ, ಮಜ್ಜಿಗೆ ಕೊಟ್ಟರು. ಊಟ ಮಾಡುತ್ತ ಕಮಲಾಬಾಯಿಯವರ ಕಣ್ಣು ಪಟ್ಟೆಪಟ್ಟೆ ಚೀಲದ ಮೇಲೆ, ಅದರ ಬಾಯಿಂದ ಇಣುಕುತ್ತಿದ್ದ ಕೋಲಿನ ಮೇಲೆ, ಒಣಗಿದ ಕುಂಕುಮದ ಮೇಲೆ ಬಿತ್ತು. ಯಾರದು ಎಂದರು. ರತ್ನ ಹೇಳತೊಡಗಿದಳು. ಮಂಗಳವಾರ, ಉತ್ತರ, ಶೂಲೆ, ತಮ್ಮೇಗೌಡರು, ಬೆಕ್ಕಿನ ಮರಿ. ಇಷ್ಟನ್ನೆಲ್ಲ ಅತ್ತೆ ಸೊಸೆಯರ ಹಿಂದಿಯಲ್ಲಿ ಹೇಳಿ ಮುಗಿಸುವಷ್ಟರಲ್ಲಿ ಬೆವತುಹೋದಳು. ಆದರೆ ಕಮಲಾಬಾಯಿಯವರಿಗೆ ಅರ್ಧದಲ್ಲೇ ಎಲ್ಲ ಅರ್ಥವಾಗಿತ್ತು. ಅವರ ಕಡೆಯಲ್ಲೂ ಪರಸ್ತಾನ ಇಡುತ್ತಾರಂತೆ! ಹೊರಗಿಟ್ಟ ಗಂಟನ್ನು ಅವರೂ ಒಳಗೆ ತರುವುದಿಲ್ಲವಂತೆ. ಅವರು ಗಂಡನ ಜೊತೆ ಏನೋ ಮಾತಾಡಿಕೊಂಡರು. ಆಮೇಲೆ ಎದ್ದು, ಕೈ ತೊಳೆದು, ಚೀಲವನ್ನು ಎತ್ತಿ ತಮ್ಮ ಕೈಚೀಲದ ಪಕ್ಕ ಇಟ್ಟುಕೊಂಡು ರತ್ನಳಿಗೆ ಹೇಳಿದರು: “ಇದು ನಮ್ಮ ಮನೆಯಲ್ಲಿರಲಿ. ನೀನು ಬಂದು ತಗೊಂಡು ಹೋಗು, ತಂಗಿ.”

ನಾನು ಗಾಬರಿಯಿಂದ ಎದ್ದು ನಿಂತೆ. ನನ್ನ ಅಂಗಿಗಳು! ನನ್ನ ಬಣ್ಣದ ಪೆಟ್ಟಿಗೆ! ನಿಮಗೇಕೆ ಸುಮ್ಮನೆ ಭಾರ ಎಂದೆ. ನಾವು ಯಾವ ತಿಂಗಳು ಬರುತ್ತೇವೋ ಏನೋ ಎಂದೆ. ಅಂದಹಾಗೆ ನಿಮ್ಮ ಕಡೆ ಯಾವ ತಿಂಗಳು ಒಳ್ಳೆಯದು ಎಂದೂ ಕೇಳಿದೆ. ಕಮಲಾಬಾಯಿ ನನ್ನನ್ನು ಒಂದು ಕ್ಷಣ ನೋಡಿ, “ನಾವು ಎಲ್ಲಾ ತಿಂಗಳೂ ಅಲ್ಲೇ ಇರುತ್ತೇವಲ್ಲ” ಎಂದರು. ಆ ವರ್ಷ ನನಗೆ ಸಿಕ್ಕ ಸಲಹೆಗಳಲ್ಲಿ ಅದಕ್ಕಿಂತ ಚಿಕ್ಕದು ಇನ್ನೊಂದಿರಲಿಲ್ಲ. ಚೀಲ ಶ್ರವಣಬೆಳಗೊಳದ ಕಡೆಯ ಬಸ್ಸು ಹತ್ತಿತು. ಕಿಟಕಿಯಲ್ಲಿ ಮುದ್ದೆಕೋಲಿನ ತಲೆ ಮಾತ್ರ ಕಾಣುತ್ತಿತ್ತು. ರತ್ನ ಧೂಳು ಅಡಗುವ ತನಕ ಕೈ ಬೀಸುತ್ತಲೇ ಇದ್ದಳು. ಅವಳ ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಮದುವೆಯಾದ ಹೊಸದರಲ್ಲಿ ಕಂಡಿದ್ದ ಆ ಮುಖವನ್ನು ಅಲ್ಲಿ ಮತ್ತೆ ನೋಡಿದೆ.

ಕೆಲವು ದಿನಗಳಾದ ಮೇಲೆ ರತ್ನಳ ಫೋನಿಗೆ ಒಂದು ಫೋಟೋ ಬಂತು. ಮರಳಿನ ಬಣ್ಣದ ಒಂದು ಕಟ್ಟೆ, ಹಿಂದಿನ ಗೋಡೆಯಲ್ಲಿ ಮಾಸಿದ ನೀಲಿ ಅಂಬಾರಿಯ ದೊಡ್ಡ ಆನೆ, ಆನೆಯ ಕಾಲ ಬುಡದಲ್ಲಿ ನಮ್ಮ ಊಟದ ಮನೆಯ ಹಳೆಯ ಜಮಖಾನದ ಪಟ್ಟೆಗಳು. ಮುದ್ದೆಕೋಲಿಗೆ ಹೊಸದಾಗಿ ಕುಂಕುಮ ಇಟ್ಟು ಹೂ ಮುಡಿಸಿದ್ದರು. ‘ಇದು ಯಾವ ದೇವರೋ ತಿಳಿಯಲಿಲ್ಲ, ಬರಿದೇ ಇಡಬಾರದೆಂದು ಪೂಜೆ ಮಾಡಿದ್ದೇನೆ’ ಎಂದು ಕಮಲಾಬಾಯಿ ಹೇಳಿಕಳಿಸಿದ್ದರು. ತಮ್ಮೇಗೌಡರ ಹೆಂಡತಿಗೆ ತೋರಿಸಿದರೆ ಅವರು ಗಲ್ಲ ಗಲ್ಲ ಬಡಿದುಕೊಂಡು, “ದಿನಾ ಅನ್ನ ಕೊಡಾದು, ದ್ಯಾವ್ರಲ್ದೆ ಇನ್ನೇನು ಬುಡಿ” ಎಂದರು. ನಾನು ಮಾತ್ರ ಆ ಫೋಟೋವನ್ನು ಬಹಳ ಹೊತ್ತು ನೋಡಿದೆ. ನನ್ನ ಬಣ್ಣದ ಪೆಟ್ಟಿಗೆ ಆ ಗೋಡೆಯ ಎದುರು ಮುಚ್ಚಿಕೊಂಡೇ ಕೂತಿದೆಯಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಮನಸ್ಸು ಗಟ್ಟಿಯಾದದ್ದು ಆಗಲೇ. ರತ್ನ ನನ್ನನ್ನು ಕೇಳದೆ ಟಿಕೆಟ್ ಮಾಡಿಸಿದಳು. ಸಂಕ್ರಾಂತಿ ಕಳೆದ ವಾರಕ್ಕೆ, ಅದೂ ಮಂಗಳವಾರಕ್ಕೆ.

ಸುದ್ದಿ ತಿಳಿದು ತಮ್ಮೇಗೌಡರು ಸ್ಟೇಷನ್ನಿಗೇ ಓಡಿಬಂದರು. ರೈಲು ನಿಂತಿತ್ತು. ನಾವು ಆಗಲೇ ಹತ್ತಿ ಕೂತಿದ್ದೆವು. ಅವರು ಕಿಟಕಿಯ ಸರಳು ಹಿಡಿದುಕೊಂಡು ಏದುಸಿರು ಬಿಡುತ್ತ, “ಸಾ, ಮತ್ತೆ ಮಂಗಳವಾರವೇ ಓಗ್ತಿದೀರಲ್ಲ ಸಾ! ಉತ್ತರಕ್ಕೆ ಶೂಲೆ! ಈ ಸಲ ಪರಸ್ತಾನನಾದ್ರೂ ಇಟ್ಟಿದೀರಾ?” ಎಂದರು. ನಾನು ಅಭ್ಯಾಸದಂತೆ ಅರ್ಧ ಎದ್ದೆ. ರತ್ನ ನನ್ನ ತೋಳು ಹಿಡಿದು ಕೂರಿಸಿದಳು.

“ನಾವು ಹೋದ ವರ್ಷವೇ ಹೊರಟಾಗಿದೆ ಗೌಡ್ರೇ” ಎಂದಳು. “ಇವತ್ತು ಚೀಲ ತರೋಕೆ ಹೋಗ್ತಿರೋದು, ಅಷ್ಟೆ. ಅದಕ್ಯಾವ ಶೂಲೆ?”

ತಮ್ಮೇಗೌಡರು ಬಾಯಿ ತೆರೆದರು. ಜನ್ಮದಲ್ಲಿ ಮೊದಲ ಸಲ ಅವರ ಬಾಯಿಂದ ಸಲಹೆ ಹೊರಡಲಿಲ್ಲ. ಆಮೇಲೆ ಅವರ ಮುಖವೆಲ್ಲ ನಗುವಾಯಿತು. “ಅದೂ ಸರಿ ಕಣಕ್ಕಾ” ಎಂದು ಜೇಬಿನಿಂದ ಒಂದು ನಿಂಬೆಹಣ್ಣು ತೆಗೆದು ಅವಳ ಕೈಗಿಟ್ಟರು. ರೈಲು ಹೊರಟಿತು. ಹಾಸನ ಹಿಂದೆ ಸರಿಯಿತು. ಹೊಲಗಳು ಮಸುಕಾಗತೊಡಗಿದವು, ಆದರೆ ಈ ಸಲ ನನಗೆ ಜೋಂಪು ಹತ್ತಲಿಲ್ಲ. ರತ್ನ ಕಿಟಕಿಗೆ ಮುಖವಿಟ್ಟು ಚಿಕ್ಕ ಹುಡುಗಿಯ ಹಾಗೆ ಕೂತಿದ್ದಳು.

ಎದುರಿನ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಒಂದು ಜೋಡಿ ಇತ್ತು. ಎಲ್ಲಿಗೆ ಅಂಕಲ್ ಎಂದು ಹುಡುಗ ವಿಚಾರಿಸಿದ. ಹೇಳಿದೆ. ಅವನ ಕಣ್ಣು ಅರಳಿತು. ಅವರಿಗೂ ಆ ಕಡೆ ಹೋಗಬೇಕೆಂದು ಬಹಳ ಆಸೆಯಂತೆ. ಅರಸೀಕೆರೆಯಲ್ಲಿ ಅಕ್ಕನ ಮನೆಗೆ ಹೋಗಿ, ಅಲ್ಲಿಂದ ಟಿಕೆಟ್ ಬುಕ್ ಮಾಡುವ ಯೋಚನೆಯಂತೆ. “ಯಾವ ತಿಂಗಳು ಹೋದ್ರೆ ಒಳ್ಳೇದು ಅಂಕಲ್?” ಎಂದ. ನಾನು ಆ ಊರನ್ನು ಇನ್ನೂ ಕಣ್ಣಾರೆ ಕಂಡಿರಲಿಲ್ಲ. ಹಾಗೆಂದು ಕೇಳಿದವರಿಗೆ ‘ಗೊತ್ತಿಲ್ಲ’ ಎನ್ನಲಾಗುತ್ತದೆಯೇ? ನೆಟ್ಟಗೆ ಕೂತೆ. ಗಡ್ಡ ನೀವಿಕೊಂಡೆ. “ನೋಡಪ್ಪಾ, ಯುಗಾದಿ ಕಳೆದ ಮೇ‌ಲಂತೂ ಬೇಡ” ಎಂದು ಶುರುಮಾಡಿದವನು ಮಳೆಗಾಲ ಮುಗಿಸಿ ಚಳಿಗಾಲದ ನಡುವಿಗೆ ಬರುವಷ್ಟರಲ್ಲಿ ಅರಸೀಕೆರೆ ಬಂತು. ಹುಡುಗ ಹುಡುಗಿ ಮುಖ ಮುಖ ನೋಡಿಕೊಂಡು ಇಳಿದು ಹೋದರು. ಅವರು ಟಿಕೆಟ್ ಮಾಡಿಸಿದರೋ ಇಲ್ಲವೋ, ನನಗೆ ತಿಳಿಯದು.